ರಿಪೋರ್ಟ್ ರಾಯರು

ಪ್ರತಿ ಬಡಾವಣೆಯಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಲೆಕ್ಕಪರಿಶೋಧನೆಯಂಥ ಇಲಾಖೆಯಲ್ಲಿ ಮೂವತ್ತು ಚಿಲ್ಲರೆ ವರ್ಷ ಊರವರ ವೋಚರುಗಳಲ್ಲಿ ಹುಳುಕು ಹುಡುಕಿ, ನಿವೃತ್ತಿಯ ದಿನ ಶಾಲು, ಹಾರ, ಒಂದು ಗೋಡೆ ಗಡಿಯಾರ ಹಿಡಿದು ಮನೆಗೆ ಬಂದವರು. ಕುರ್ಚಿ ಬಿಟ್ಟು ಬರಬಹುದು, ಆಕ್ಷೇಪಣೆಯನ್ನು ಎಲ್ಲಿ ಬಿಟ್ಟು ಬರುತ್ತೀರಿ? ಕೆಲವರು ಅದನ್ನು ಸೊಸೆಯ ಸಾರಿನ ಮೇಲೆ ತೀರಿಸಿಕೊಳ್ಳುತ್ತಾರೆ. ನಮ್ಮ ಕುವೆಂಪುನಗರದ ರಾಯರು ಮಾತ್ರ ಅದನ್ನು ಇಂಟರ್ನೆಟ್ಟಿಗೆ ತಿರುಗಿಸಿದ್ದಾರೆ. ಆನ್‌ಲೈನಿನಲ್ಲಿ ಅವರು ಏನನ್ನೂ ಕೊಳ್ಳುವುದಿಲ್ಲ, ಏನನ್ನೂ ಮಾರುವುದಿಲ್ಲ. ಬೆಳಗಿನ ಎರಡನೇ ಲೋಟ ಕಾಫಿಯ ಜೊತೆಗೆ ಟ್ಯಾಬ್ ತೆರೆದು, ಯಾರು ಏನು ಮಾರುತ್ತಿದ್ದಾರೆ ಎಂದು ನೋಡಿ, ಅದು ಮೋಸ ಎಂದು ರಿಪೋರ್ಟ್ ಮಾಡುತ್ತಾರೆ. ಸಂಜೆ ಪಾರ್ಕಿನಲ್ಲಿ ಸಿಕ್ಕರೆ, "ಇವತ್ತು ನಾಲ್ಕು ಬಿತ್ತು" ಎನ್ನುತ್ತಾರೆ.

ಈ ಚಟ ಹತ್ತಿದ್ದು ನ್ಯೂಜೆರ್ಸಿಯಲ್ಲಿ. ಚಳಿಗಾಲದಲ್ಲಿ ಮಗನ ಮನೆಗೆ ಹೋದ ಅಪ್ಪಂದಿರಿಗೆ ಅಲ್ಲಿ ಮಾಡಲು ಏನಿರುತ್ತದೆ? ಹೊರಗೆ ಹಿಮ, ಒಳಗೆ ಡಿಶ್‌ವಾಷರ್. ಮಗ ಸುಮ್ಮನಿರಲಾರದೆ ಈಬೇ ಹರಾಜು ತೋರಿಸಿಕೊಟ್ಟ. ಅದರ ಚರಿತ್ರೆ ಈಗ ರಾಯರಿಗೆ ಬಾಯಿಪಾಠ. 1995ರಲ್ಲಿ ಪಿಯರೆ ಒಮಿಡ್ಯಾರ್ ಶುರು ಮಾಡಿದ್ದು. ಮೊದಮೊದಲು ಬಿಕರಿಯಾದದ್ದು ಒಂದು ಕೆಟ್ಟುಹೋದ ಲೇಸರ್ ಪಾಯಿಂಟರು, 14 ಡಾಲರ್ 83 ಸೆಂಟಿಗೆ. "ಕೆಟ್ಟಿದ್ದನ್ನ ಕೆಟ್ಟಿದೆ ಅಂತಲೇ ಹೇಳಿ ಮಾರಿದವನು ಆ ಪುಣ್ಯಾತ್ಮ. ಆಮೇಲೆ ಬಂದವರನ್ನ ನೋಡಿ!"

ಆಮೇಲೆ ಬಂದವರಲ್ಲಿ ಮುಖ್ಯರು 1818ರ ಒಂದಾಣೆಯವರು. ಒಂದು ಕಡೆ ಈಸ್ಟ್ ಇಂಡಿಯಾ ಕಂಪನಿಯ ಹೆಸರು, ಇನ್ನೊಂದು ಕಡೆ ರಾಮ, ಸೀತೆ, ಲಕ್ಷ್ಮಣ, ಕಾಲ ಬಳಿ ಹನುಮ, ಬೆಲೆ ಲಕ್ಷದಲ್ಲಿ. ಕೆಲವರು ಇದು ಅಕ್ಕಿ ಕಾಳನ್ನು ಎಳೆಯುತ್ತದೆ ಎಂದೂ ಸೇರಿಸುತ್ತಾರೆ. ರಾಯರ ರಕ್ತ ಕುದಿಯುವುದು ಅಕ್ಕಿಗಲ್ಲ, ಇಸವಿಗೆ. "ಕಂಪನಿ ಇಡೀ ದೇಶಕ್ಕೆ ಒಂದೇ ನಾಣ್ಯ ಅಂತ ತಂದದ್ದು 1835ರಲ್ಲಿ. ನಿಕ್ಕಲ್ ಬೆರೆಸಿದ ಒಂದಾಣೆ ಟಂಕಿಸಿದ್ದು ಏಳನೇ ಎಡ್ವರ್ಡ್ ಕಾಲಕ್ಕೆ, 1907ರಲ್ಲಿ. ಸುಳ್ಳು ಹೇಳೋದಾದ್ರೂ ಸ್ವಲ್ಪ ಓದ್ಕೊಂಡು ಹೇಳಬಾರದೇನ್ರಿ?" ಹಳೆಯ ನೋಟು ನಾಣ್ಯ ಕೊಳ್ಳುತ್ತೇವೆ, ಮಾರುತ್ತೇವೆ ಎನ್ನುವವರನ್ನು ನಂಬಿ ಶುಲ್ಕ, ತೆರಿಗೆ ಅಂತ ದುಡ್ಡು ಕಟ್ಟಬೇಡಿ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನಲ್ಲಿ ಹೊರಡಿಸಿದ ಪ್ರಕಟಣೆಯ ಜೆರಾಕ್ಸ್ ಅವರ ಜೇಬಿನಲ್ಲೇ ಇರುತ್ತದೆ. ಗೃಹಪ್ರವೇಶಗಳಲ್ಲಿ ಹಂಚಿದ್ದೂ ಉಂಟು.

ಟಿಪ್ಪುವಿನ ಖಡ್ಗದ ವಿಷಯವಂತೂ ಮೈಸೂರಿನವರಾಗಿ ಅವರು ಸಹಿಸುವುದು ಸಾಧ್ಯವೇ ಇಲ್ಲ. ಟಿಪ್ಪುವಿನ ಮಲಗುವ ಕೋಣೆಯಲ್ಲಿದ್ದ ಖಡ್ಗ 2023ರ ಮೇ ತಿಂಗಳಲ್ಲಿ ಲಂಡನ್ನಿನ ಬಾನ್‌ಹಮ್ಸ್ ಹರಾಜಿನಲ್ಲಿ 1 ಕೋಟಿ 40 ಲಕ್ಷ ಪೌಂಡಿಗೆ ಹೋಯಿತು. ಟ್ಯಾಬಿನಲ್ಲಿ ಅದೇ ಖಡ್ಗ 1,999 ರೂಪಾಯಿ, ರವಾನೆ ಉಚಿತ, ದಾಸ್ತಾನು ಮೂವತ್ತೇಳು.

ಇವೆಲ್ಲ ಕಣ್ಣಿಗೆ ಕಾಣುವ ಮೋಸ. ರಾಯರಿಗೆ ನಿಜವಾದ ರುಚಿ ಇರುವುದು ಕೂಗಿನಲ್ಲಿ. ತನ್ನ ಮಾಲಿಗೆ ತಾನೇ ಬೇರೆ ಹೆಸರಿನಲ್ಲಿ, ಇಲ್ಲವೇ ಭಾವಮೈದುನನ ಕೈಲಿ ಬೆಲೆ ಏರಿಸುವುದು ಹರಾಜುಕಟ್ಟೆಯಷ್ಟೇ ಹಳೆಯ ವಿದ್ಯೆ. ಈಬೇ ಅದನ್ನು ನಿಷೇಧಿಸಿದೆ, ಆದರೆ ಕೂಗಿದವರ ಹೆಸರನ್ನು ನಡುವೆ ಚುಕ್ಕಿ ಇಟ್ಟು ಮರೆಮಾಡಿಯೇ ತೋರಿಸುತ್ತದೆ. ಕಾಣುವ ಎರಡು ಅಕ್ಷರ, ಕೂಗಿದ ಹೊತ್ತು ಇಷ್ಟನ್ನೇ ಹಿಡಿದು ರಾಯರು ಉದ್ದ ಬೈಂಡಿನ ಪುಸ್ತಕದಲ್ಲಿ ಕಂಬಸಾಲು ಹಾಕುತ್ತಾರೆ. "ನೋಡಿ, ಇವನು ಈ ಒಬ್ಬ ಮಾರೋನ ಸಾಮಾನಿಗೆ ಮಾತ್ರ ಕೂಗ್ತಾನೆ, ಒಂದು ಸಲವೂ ಗೆದ್ದಿಲ್ಲ. ಸೋಲೋಕ್ಕೇ ಬರೋ ಗಿರಾಕಿ ಪ್ರಪಂಚದಲ್ಲಿ ಎಲ್ಲಾದ್ರೂ ಇದಾನಾ?" ಪ್ರಶ್ನೆ ಸರಿಯಾಗಿಯೇ ಇದೆ.

ಕಷ್ಟ ಇರುವುದು ರಿಪೋರ್ಟ್ ಬರೆಯುವಾಗ. ಗುಂಡಿ ಒತ್ತಿದರೆ ನಾಲ್ಕೈದು ಕಾರಣ ಬರುತ್ತವೆ, ಒಂದನ್ನು ಆರಿಸಿ ಮುಗಿಸಬೇಕು. ರಾಯರು ಯಾವಾಗಲೂ 'ಇತರೆ' ಆರಿಸುತ್ತಾರೆ, ಏಕೆಂದರೆ ಅಲ್ಲಿ ಬರೆಯಲು ಒಂದು ಚೌಕ ಇದೆ. "ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ" ಎಂದು ಬರೆಯುವ ಹೊತ್ತಿಗೆ ಚೌಕ ತುಂಬಿಹೋಗಿರುತ್ತದೆ. ಏನೆಂದರೆ ಎನ್ನುವುದು ಇವತ್ತಿನವರೆಗೂ ಯಾರಿಗೂ ತಲುಪಿಲ್ಲ. ವಂಚಕರ ಮೇಲೆ ಅವರಿಗೆ ಅಷ್ಟು ಸಿಟ್ಟಿಲ್ಲ. ಸಿಟ್ಟೆಲ್ಲ ಸ್ವೀಕೃತಿ ಕೊಡದ ಕಂಪನಿಗಳ ಮೇಲೆ. ಒಂದು ರುಜು ಇಲ್ಲ, ಮೊಹರಿಲ್ಲ, ಕಡತ ಸಂಖ್ಯೆಯಿಲ್ಲ. "ಧನ್ಯವಾದ, ಪರಿಶೀಲಿಸುತ್ತೇವೆ" ಅಂತ ಒಂದು ಹೆಬ್ಬೆಟ್ಟಿನ ಚಿತ್ರ. ರಾಯರ ಕಾಲದಲ್ಲಿ ಹೆಬ್ಬೆಟ್ಟು ಒತ್ತಿದವನ ಹೆಸರನ್ನಾದರೂ ಪಕ್ಕದಲ್ಲಿ ಬರೆಯುತ್ತಿದ್ದರು.

ಮೈಸೂರಿಗೆ ಮರಳಿದ ಮೇಲೆ ಕಾರ್ಯಕ್ಷೇತ್ರ ಸೆಕೆಂಡ್ ಹ್ಯಾಂಡ್ ಆ್ಯಪುಗಳಿಗೆ ಬದಲಾಯಿತು. ಇಲ್ಲಿ ಎಲ್ಲರೂ ಮಿಲಿಟರಿಯವರು. ಆ್ಯಕ್ಟಿವಾ ಹದಿನೆಂಟು ಸಾವಿರಕ್ಕೆ, ತುರ್ತಾಗಿ ವರ್ಗವಾಗಿದೆ, ಗಾಡಿ ಏರ್‌ಪೋರ್ಟಿನಲ್ಲಿದೆ, ಆರ್ಮಿ ಕೊರಿಯರಿನಲ್ಲಿ ಬರುತ್ತದೆ, ಮೊದಲು ಸಾಗಣೆ ಖರ್ಚು ಹಾಕಿ. ನಂಬಿಕೆಗೆ ಸಮವಸ್ತ್ರದ ಫೋಟೊ, ಕ್ಯಾಂಟೀನ್ ಕಾರ್ಡು. ರಾಯರು ಫೋನು ಮಾಡಿ ತಮ್ಮ ಹಿಂದಿಯಲ್ಲಿ, "ಆಪ್ ಕಾ ಯೂನಿಟ್ ಕಾ ಪೇ ಅಂಡ್ ಅಕೌಂಟ್ಸ್ ಆಫೀಸ್ ಕೌನ್ಸಾ ಹೈ?" ಎಂದು ಕೇಳುತ್ತಾರೆ. ಆ ಕಡೆಯವನು ಫೋನ್ ಕುಕ್ಕುತ್ತಾನೆ. ಕಳ್ಳರೇ ಬ್ಲಾಕ್ ಮಾಡಿರುವ ಗ್ರಾಹಕ ಮೈಸೂರಿನಲ್ಲಿ ಇವರೊಬ್ಬರೇ ಇರಬೇಕು. ಬೀದಿಯಲ್ಲಿ ಯಾರಿಗಾದರೂ "ದುಡ್ಡು ಕಳಿಸ್ತೀನಿ, ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ" ಎಂಬ ಫೋನು ಬಂದರೆ ಓಡಿಬರುವುದು ಇವರ ಬಳಿಗೇ. ಹಣ ಪಡೆಯಲು ಪಿನ್ ಬೇಡ, ಹೋಗಿದ್ದರೆ ತಕ್ಷಣ 1930ಕ್ಕೆ ಫೋನ್ ಮಾಡಿ: ಇಷ್ಟನ್ನು ಹೇಳಲು ಅವರು ಮುಕ್ಕಾಲು ಗಂಟೆ ತೆಗೆದುಕೊಂಡರೂ, ಹೇಳುವುದು ಸರಿಯಾದದ್ದನ್ನೇ. "ಏನೂಂದ್ರೆ, ಆ ಕಳ್ಳರ ಮೇಲಿರೋ ಗಮನ ಒಲೆ ಮೇಲಿದ್ದಿದ್ರೆ ಹಾಲು ಉಕ್ತಿರ್ಲಿಲ್ಲ" ಎನ್ನುವವರು ಮನೆಯಾಕೆ ಒಬ್ಬರೇ.

ಒಂದು ಸಂಜೆ ರಾಯರ ಜಗುಲಿಯಲ್ಲಿ ನಾನೂ ಕೂತಿದ್ದೆ. ಹಿಂದಿನ ಕ್ರಾಸಿನ ಹವಾಲ್ದಾರರು ಗೇಟು ತೆಗೆದು ಬಂದರು. ರಜೆಗೆ ಬಂದವರು, ನಿಜವಾಗಿಯೂ ವರ್ಗವಾದವರು.

"ಸಾರ್, ಕೆಂಪು ಆ್ಯಕ್ಟಿವಾ ರಿಪೋರ್ಟ್ ಮಾಡಿದ್ದು ನೀವೇ ಅಂತೆ. ಪಾರ್ಕಲ್ಲಿ ನಮ್ಮ ಮಾವನ ಹತ್ರ ಹೇಳಿದ್ರಂತೆ. ಮೂರು ಸಲ ಹಾಕ್ದೆ, ಮೂರು ಸಲವೂ ಕಿತ್ತಾಕಿದ್ರು."

ರಾಯರು ಎದ್ದು ನಿಂತರು. ಕ್ಷಮೆ ಕೇಳುತ್ತಾರೆಂದುಕೊಂಡೆ. ಒಳಗೆ ತಿರುಗಿ, "ಲೇ, ಕೇಳಿಸ್ತೇನೇ? ಓದ್ತಾರಂತೆ ಕಣೇ! ನಾನು ಕಳಿಸಿದ್ದನ್ನ ಓದ್ತಾರಂತೆ!" ಎಂದು ಕೂಗಿದರು.

ಹವಾಲ್ದಾರರು ಕ್ಯಾಂಟೀನ್ ಕಾರ್ಡು ತೋರಿಸಿದರು. "ಅದನ್ನ ಕಳ್ಳರೂ ತೋರಿಸ್ತಾರೆ" ಎಂದು ಪಕ್ಕಕ್ಕಿಟ್ಟು, ಟಾರ್ಚು, ಪೆನ್ಸಿಲು, ತೆಳು ಕಾಗದ ಹಿಡಿದು ರಾಯರೇ ಹೊರಟರು. ಗಾಡಿಯ ಕೆಳಗೆ ಬಗ್ಗಿ ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ, ಮೂಡಿದ ಅಂಕಿಗಳನ್ನು ಆರ್‌ಸಿಯ ಜೊತೆ ಒಂದೊಂದಾಗಿ ತಾಳೆ ನೋಡಿದರು. ಎಲ್ಲ ಸರಿಯಿತ್ತು. ಇದರಿಂದ ಅವರಿಗೆ ಕೊಂಚ ನಿರಾಸೆಯೂ ಆದಂತಿತ್ತು. "ಗಾಡಿ ಅಸಲಿ. ನಾನೇ ತಗೋತೀನಿ. ಆದರೆ ಹದಿನೆಂಟು ಸಾವಿರ ತೀರಾ ಕಡಿಮೆ, ಅನುಮಾನಕ್ಕೆ ಎಡೆ ಕೊಡುತ್ತೆ. ಇಪ್ಪತ್ತಾರು ಮಾಡಿ." ಅಕೌಂಟ್ ಪೇಯಿ ಚೆಕ್ಕು ಬರೆದು, ಫಾರಂ 29, 30ಕ್ಕೆ ರುಜು ಮಾಡಿಸಲು ಸಿದ್ಧರಾದರು.

ಹವಾಲ್ದಾರರು ಕೀಲಿಕೈ ಜೇಬಿಗೆ ಸೇರಿಸಿದರು. ಚೌಕಾಸಿಯಲ್ಲಿ ಬೆಲೆ ಏರಿಸುವ ಗಿರಾಕಿಯನ್ನು ಅವರು ಯಾವ ಗಡಿಯಲ್ಲೂ ಕಂಡಿರಲಿಲ್ಲ. "ತಪ್ಪು ತಿಳ್ಕೋಬೇಡಿ ಸಾರ್, ಚೆಕ್ ಪಾಸಾದ ಮೇಲೆ ಗಾಡಿ. ಹೆಚ್ಚಿಗೆ ದುಡ್ಡು ಕೊಡ್ತೀನಿ ಅನ್ನೋರನ್ನ ನಂಬಬೇಡಿ ಅಂತ ಆ ಆ್ಯಪಲ್ಲೇ ಹಾಕಿದಾರೆ. ನಿಮ್ಮದೊಂದು ಗುರುತಿನ ಚೀಟಿ ಇದ್ರೆ..."

ಇಷ್ಟು ವರ್ಷಗಳಲ್ಲಿ ರಾಯರನ್ನು ಹೀಗೆ ಕೇಳಿದವರಿಲ್ಲ. ಖುಷಿಯಿಂದ ಮನೆಗೆ ಹೋಗಿ ಆಧಾರ್, ಪ್ಯಾನು, ಪಿಂಚಣಿ ಪುಸ್ತಕದ ಜೆರಾಕ್ಸು ಎಲ್ಲ ತಂದು, ಪ್ರತಿ ಹಾಳೆಗೂ ತಾವೇ ದೃಢೀಕರಿಸಿ ಸಹಿ ಹಾಕಿಕೊಟ್ಟರು. ಹವಾಲ್ದಾರರು ಅವನ್ನು ಬೀದಿದೀಪದ ಕೆಳಗೆ ಚೆಕ್ಕಿನ ಪಕ್ಕ ಹಿಡಿದು ಬಹಳ ಹೊತ್ತು ನೋಡಿದರು.

"ಸಾರ್, ಚೆಕ್ಕಿನ ಸಹಿ ಕೆಳಗೆ ಎರಡು ಚುಕ್ಕಿ ಇದೆ. ಇದರಲ್ಲಿ ಒಂದೇ ಇದೆಯಲ್ಲ?"