ಗಾಯಕ್ಕೆ ಸೊಪ್ಪಿನ ಲೇಪ: ಪರದೇಶಿ ಪದ್ಧತಿ

ಸೊಪ್ಪಿನ ಲೇಪಕ್ಕೆ ಮೊದಲು ಬೇಕಾದದ್ದು ಸೊಪ್ಪು. ಹೊರದೇಶದಲ್ಲಿ ತೊಡಕು ಶುರುವಾಗುವುದೂ ಅಲ್ಲೇ. ಬೀದರ್ ಜಿಲ್ಲೆಯ ಬೇಮಳಖೇಡದ ಕಡೆ ಕುಡಗೋಲು ತಾಗಿ ಬೆರಳು ಕೊಯ್ದರೆ ಹೊಲದ ಬದುವಿಗೆ ಬಗ್ಗಿದರಾಯಿತು. ಉದ್ದ ದಂಟಿನ ತುದಿಗೆ ಒಂದೇ ಹೂ, ನಡುವೆ ಹಳದಿ, ಸುತ್ತ ಬಿಳಿ ಎಸಳು: ಅದೇ ಗಬ್ಬುಶಾವಂತಿ. ಎಲೆ ತಿಕ್ಕಿ ರಸ ಹಿಂಡಿ ಕಟ್ಟುತ್ತಾರೆ. ಆರು ತಿಂಗಳಿಗೆಂದು ಅಮೆರಿಕದ ಮಗನ ಮನೆಗೆ ಬಂದ ಆಯಿ, ಮೊಮ್ಮಗ ಸೈಕಲ್ಲಿನಿಂದ ಬಿದ್ದು ಮೊಣಕಾಲು ಕೆತ್ತಿಕೊಂಡ ದಿನ ಇದನ್ನೇ ಹುಡುಕಿ ಹಿತ್ತಲಿಗಿಳಿಯುತ್ತಾಳೆ. ಅಲ್ಲಿರುವುದು ವಾರಕ್ಕೊಮ್ಮೆ ಕ್ಷೌರವಾಗುವ ಹುಲ್ಲು. ತಮಾಷೆಯೆಂದರೆ, ಟ್ರೈಡಾಕ್ಸ್ ಪ್ರೊಕಂಬೆನ್ಸ್ ಎಂಬ ಈ ಗಿಡದ ತವರು ಅಮೆರಿಕ ಖಂಡದ ಉಷ್ಣವಲಯವೇ. ವೀಸಾ ಇಲ್ಲದೆ ಬಂದು ಬೀದರಿನಲ್ಲಿ ಬೇರುಬಿಟ್ಟಿದೆ. ಅಮೆರಿಕ ಸರ್ಕಾರ ಮಾತ್ರ ಅದನ್ನು ಉಪದ್ರವಿ ಕಳೆಗಳ ಪಟ್ಟಿಗೆ ಸೇರಿಸಿದೆ. ಆದ್ದರಿಂದ ಶೇಂಗಾ ಹಿಂಡಿಯ ಡಬ್ಬಿಯಲ್ಲಿ ಬೀಜ ಅಡಗಿಸಿ ತರುವ ಯೋಜನೆಗೆ ಸೊಸೆ ಒಪ್ಪಬಾರದು.

ಉಳಿಯುವುದು ಅರಿಶಿನ. ಗಾಯ ಮಾಯಿಸಲು ಅರಿಶಿನ ಬಳಸುವುದಕ್ಕೆ 1995ರಲ್ಲಿ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಅಮೆರಿಕದ ಪೇಟೆಂಟ್ ಸಿಕ್ಕಿತ್ತು. ಭಾರತದ ವೈಜ್ಞಾನಿಕ ಸಂಶೋಧನಾ ಮಂಡಳಿ ಸಿಎಸ್‌ಐಆರ್ ಹಳೆಯ ಗ್ರಂಥಗಳ ಆಧಾರ ಒಡ್ಡಿ ತಕರಾರು ಹೂಡಿದ ಮೇಲೆ 1997ರಲ್ಲಿ ಅದು ರದ್ದಾಯಿತು. ಆಯಿಯನ್ನು ಸಾಕ್ಷಿಗೆ ಕರೆದಿದ್ದರೆ ಅಷ್ಟು ಹೊತ್ತು ಹಿಡಿಯುತ್ತಿರಲಿಲ್ಲ.

ಮೊದಲು ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ತೊಳೆಯಬೇಕು. ಈ ಒಂದು ಮಾತಿಗೆ ಆಯಿಯೂ ಡಾಕ್ಟರೂ ಒಪ್ಪುತ್ತಾರೆ. ರಕ್ತ ನಿಂತ ಮೇಲೆ, ಕುದಿಸಿ ಆರಿಸಿದ ನೀರಿನಲ್ಲಿ ಅರಿಶಿನವನ್ನು ಗಟ್ಟಿಯಾಗಿ ಕಲಸಿ, ತೆಳು ಹತ್ತಿ ಬಟ್ಟೆಯ ಮಡಿಕೆಯಲ್ಲಿಟ್ಟು ಸಡಿಲವಾಗಿ ಕಟ್ಟಬೇಕು. ಬಾಡಿಗೆ ಮನೆಯಾದರೆ ಅಡುಗೆಕಟ್ಟೆಯ ಮೇಲೆ ಕಲಸಬಾರದು. ಬಿಳಿಗಲ್ಲಿನ ಹಳದಿ ಕಲೆಯ ಬೆಲೆಯನ್ನು ಮಾಲೀಕರು ಡಿಪಾಸಿಟ್ಟಿನಲ್ಲಿ ಮುರಿದುಕೊಳ್ಳುತ್ತಾರೆ. ಕಲೆಯಾದ ಅಂಗಿಗೆ ಸಾಬೂನು ಹಚ್ಚಿದರೆ ಕ್ಷಾರಕ್ಕೆ ಅರಿಶಿನ ಕೆಂಪೇರುತ್ತದೆ. ಅದನ್ನೇ ತೊಡಿಸಿ ಕಳಿಸಿದರೆ ಶಾಲೆಯ ನರ್ಸ್ ರಕ್ತವೆಂದು ಬಗೆದು ಫೋನ್ ಮಾಡುವುದು ಖಂಡಿತ. ಬಿಸಿಲಿಗೆ ಹಾಕಿದರೆ ಬಣ್ಣ ತಾನಾಗಿ ಇಳಿಯುತ್ತದೆ, ಬಡಾವಣೆಯ ಸಂಘ ಹಿತ್ತಲಲ್ಲಿ ಬಟ್ಟೆ ಒಣಗಿಸಲು ಬಿಟ್ಟರೆ.

ಇದೆಲ್ಲ ತರಚು ಗಾಯಕ್ಕಷ್ಟೇ. ಆಳದ ಗಾಯ, ಸುಟ್ಟ ಗಾಯ, ನಾಯಿ ಕಡಿತ, ಕೀವು ಇವು ಆಸ್ಪತ್ರೆಯ ಪಾಲು. ದೊಡ್ಡವರಿಗೆ ಧನುರ್ವಾಯುವಿನ ಚುಚ್ಚುಮದ್ದು 10 ವರ್ಷಕ್ಕೊಮ್ಮೆ ಬೇಕು. ಮಗನ ಡಾಲರ್ ಉಳಿಸಲೆಂದು ಆಯಿ “ಏನೂ ಆಗಲ್ಲ ಬಿಡೋ” ಅಂದರೂ ಆ ಮಾತನ್ನು ಕೇಳಬೇಡಿ.