ಬಂದವರು ಎಲ್ಲಿ ಕೂರುತ್ತಾರೆ?

ಅಕ್ಕಾ, ಹೊಸ ಮನೆಯ ನಕ್ಷೆ ಬಂತಂತೆ? ಇತ್ತ ಕೊಡಿ, ಪಾಗಾರದ ಮೇಲೇ ಹಾಸಿ ನೋಡುವ. ಇದು ಹಾಲು, ಇದು ಡೈನಿಂಗು, ಇವು ಬೆಡ್‌ರೂಮು, ಹಿಂದೆ ಅಡುಗೆಮನೆ, ಮುಂದೆ ಕಾರಿಗೆ ಪೋರ್ಚು. ಎಂಜಿನಿಯರು ಅಚ್ಚುಕಟ್ಟಾಗಿಯೇ ಬರೆದಿದ್ದಾರೆ. ನನ್ನದು ಒಂದೇ ಪ್ರಶ್ನೆ: ಹೇಳದೆ ಕೇಳದೆ ಬಂದವರು ಇದರಲ್ಲಿ ಎಲ್ಲಿ ಕೂರುತ್ತಾರೆ?

ನಗಬೇಡಿ. ನಮ್ಮ ಕಡೆ ಈಚೆಗೆ ಆದ ಮನೆಒಕ್ಕಲುಗಳನ್ನು ನೆನಪು ಮಾಡಿಕೊಳ್ಳಿ. ಕುಮಟೆಗೆ ಹೋಗಲಿ, ಭಟ್ಕಳಕ್ಕೆ ಹೋಗಲಿ, ನೋಟ ಒಂದೇ. ಬಾಗಿಲು ದಾಟಿದ ಕೂಡಲೇ ಹೊಳೆಯುವ ಟೈಲ್ಸು. ವಯಸ್ಸಾದವರು ಜಾರೀತೆಂದು ಗೋಡೆ ಸವರಿಕೊಂಡು ನಡೆಯುತ್ತಾರೆ. ತೋಟದಿಂದ ನೇರ ಬಂದವರು ಕಾಲು ಒರೆಸಿ ಒರೆಸಿ ಹೊಸ್ತಿಲಲ್ಲೇ ನಿಲ್ಲುತ್ತಾರೆ. ಸೋಫಾದ ತುದಿಗೆ ಕೂತವರು ಬೆನ್ನು ಆನಿಸುವುದಿಲ್ಲ. "ಭಾರೀ ಚೆಂದಾಗಿದೆ" ಎನ್ನುತ್ತ ಒಂದು ಸುತ್ತು ಹಾಕಿ, ಕೊನೆಗೆ ಎಲ್ಲರೂ ಸೇರುವುದು ಹೊರಗೆ ಶಾಮಿಯಾನದಡಿ, ಇಲ್ಲವೇ ಹಿತ್ತಲಲ್ಲಿ ಅಡುಗೆಯವರ ಒಲೆಯ ಹತ್ತಿರ. ಅಲ್ಲಿ ಮಾತು ಸಡಿಲಾಗುತ್ತದೆ, ನಗು ಕೇಳುತ್ತದೆ. ಬಾಯಿ ಹೊಗಳಿದ ಜಾಗವೇ ಬೇರೆ, ಮೈ ಆರಿಸಿಕೊಂಡ ಜಾಗವೇ ಬೇರೆ.

ಮನೆಯೊಳಗನ್ನು ಕಣ್ಣಿಗಿಂತ ಮೊದಲು ಮೈ ತಿಳಿದುಕೊಳ್ಳುತ್ತದೆ, ಅಲ್ದಾ? ಹಳೆ ಮನೆ ಕಟ್ಟಿದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ದಣಪೆ ದಾಟಿದರೆ ಅಂಗಳ, ಎರಡು ಮೆಟ್ಟಿಲು ಹತ್ತಿದರೆ ಜಗಲಿ. ಬಿಸಿಲಿನಿಂದ ಬಂದವರಿಗೆ ಮಾಡಿನ ನೆರಳಲ್ಲಿ ಕಣ್ಣು ಹೊಂದಿಕೊಳ್ಳುವಷ್ಟರಲ್ಲಿ ಅಂಗಾಲಿಗೆ ಕಾವಿ ನೆಲದ ತಂಪು ತಾಗಿರುತ್ತದೆ, ಬೆಲ್ಲ ನೀರು ಬಂದಿರುತ್ತದೆ. ಒಳಗೆ ಹೋಗುವ ಬಾಗಿಲು ತಗ್ಗು, ತಲೆ ಬಗ್ಗಿಸಿಯೇ ದಾಟಬೇಕು. ನಡುಮನೆ ಸ್ವಲ್ಪ ಮಬ್ಬು, ದೇವರ ಕೋಣೆ ಇನ್ನೂ ಮಬ್ಬು. ಹೆಜ್ಜೆ ಒಳಗೆ ಹೋದಂತೆ ದನಿ ತಾನಾಗಿ ತಗ್ಗುತ್ತದೆ. ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ.

ಇದನ್ನು ಈಗ ವಿದ್ವಾಂಸರೂ ಅಳೆದು ನೋಡುತ್ತಿದ್ದಾರೆ. 2007ರಲ್ಲಿ ಜೋನ್ ಮೇಯರ್ಸ್-ಲೆವಿ ಮತ್ತು ರೂಯಿ ಜೂ ಎಂಬಿಬ್ಬರು ಜನರನ್ನು 8 ಅಡಿ ಎತ್ತರದ ಕೋಣೆಯಲ್ಲೂ 10 ಅಡಿ ಎತ್ತರದ ಕೋಣೆಯಲ್ಲೂ ಕೂರಿಸಿ ಕೆಲಸ ಕೊಟ್ಟರು. ಚಾವಣಿ ಎತ್ತರವಿದ್ದಲ್ಲಿ ಮನಸ್ಸು ಹರಡಿಕೊಂಡು, ಒಂದಕ್ಕೊಂದು ಸಂಬಂಧ ಹುಡುಕಿತು. ತಗ್ಗಿದ್ದಲ್ಲಿ ಸಣ್ಣ ಸಣ್ಣ ವಿವರಕ್ಕೆ ಅಂಟಿಕೊಂಡಿತು. ನಮ್ಮ ಜಗಲಿಯ ಮಾಡು ಮೇಲೇರುವುದು, ದೇವರ ಕೋಣೆ ಕುಗ್ಗುವುದು ಇದೇ ಲೆಕ್ಕಕ್ಕೆ ಸರಿಯಾಗಿ ಬರುತ್ತದೆ.

ಭಟ್ಕಳದ ಖೇತಪೈ ನಾರಾಯಣ ದೇವಸ್ಥಾನ ನೋಡಿದ್ದೀರಲ್ಲ? ಹದಿನಾರನೆಯ ಶತಮಾನದ್ದು. ಮಾಡು ಇಳಿಜಾರು, ಆದರೆ ಹಂಚಿನದಲ್ಲ, ಕಲ್ಲಿನ ಹಾಸುಗಳದ್ದು. ಬದಿಯ ಗೋಡೆ ಮರದ ಕಟಾಂಜನವನ್ನೇ ಕಲ್ಲಿನಲ್ಲಿ ಕಡೆದಂತಿದೆ. ಮಳೆ ಹೊರಗೇ ಉಳಿಯುತ್ತದೆ, ಗಾಳಿ ಬೆಳಕು ಪಟ್ಟಿ ಪಟ್ಟಿಯಾಗಿ ಒಳಗೆ ಬರುತ್ತದೆ. ಒಳಗೆ ನಿಂತರೆ ದೊಡ್ಡ ದೇವಸ್ಥಾನಕ್ಕೆ ಬಂದೆನೆಂಬ ಅಳುಕಿಲ್ಲ, ಬಲ್ಲವರ ಜಗಲಿಗೆ ಬಂದ ಹಾಗೇ ಅನಿಸುತ್ತದೆ. ಕಲ್ಲುಕುಟಿಗರು ಈ ಕರಾವಳಿಯ ಮನೆಯನ್ನೇ ಕಣ್ಣ ಮುಂದಿಟ್ಟುಕೊಂಡು ಕೆಲಸ ಮಾಡಿದ್ದಾರೆ.

ಮಳೆಗಾಲದ್ದೇ ಬೇರೆ ಕಥೆ. ಜೂನ್ ಹತ್ತಿರ ಬಂತೆಂದರೆ ಗೋಡೆಗೆ ಇರಚಲು ತಾಗದಂತೆ ಮಡಲಿನ ತಟ್ಟಿ ಕಟ್ಟುತ್ತಿದ್ದರು. ಅಲ್ಲಿಂದ ನಾಲ್ಕು ತಿಂಗಳು ಅದೇ ಮನೆಯ ಒಳಗು ಬೇರೆ. ಬೇಸಿಗೆಯಲ್ಲಿ ಜಗಲಿಗೆ ಹರಡಿದ್ದ ಜನ ಈಗ ಬಚ್ಚಲ ಒಲೆಯ ಸುತ್ತ. ಮೇಲೆ ಗಳುವಿನಲ್ಲಿ ಒಣಗದ ಬಟ್ಟೆ, ಕೆಳಗೆ ಗೇರುಬೀಜ ಸುಡುವ ಮಕ್ಕಳು. ಯಕ್ಷಗಾನ ಮೇಳಗಳ ತಿರುಗಾಟ ನಿಂತು ತಾಳಮದ್ದಲೆ ಕೂರುವುದೂ ಆಗಲೇ. ವೇಷವಿಲ್ಲ, ರಂಗಸ್ಥಳವಿಲ್ಲ. ಒಂದು ಜಮಖಾನ, ಒಂದು ಮದ್ದಳೆ, ಎದುರುಬದುರು ಕೂತ ಅರ್ಥಧಾರಿಗಳು. ಮಾಡಿನ ಮೇಲೆ ಮಳೆ ಹೊಡೆಯುತ್ತಿರುತ್ತದೆ, ಜಗಲಿ ಒಮ್ಮೆ ಲಂಕೆ, ಒಮ್ಮೆ ಕುರುಕ್ಷೇತ್ರ. ಅಷ್ಟು ಹತ್ತಿರ ಹತ್ತಿರ ಕೂತದ್ದಕ್ಕೇ ಅದು ಸಾಧ್ಯವಾಗುತ್ತಿತ್ತು. ದೊಡ್ಡ ಸಭಾಭವನದಲ್ಲಿ ಮೈಕು ಹಿಡಿದರೆ ಮಾತು ಕೇಳುತ್ತದೆ, ಮಾತಿನವನ ಉಸಿರು ಕೇಳುವುದಿಲ್ಲ.

ನೀವು ಹೇಳುವುದೂ ಹೌದು ಅಕ್ಕಾ, ಹಳೆ ಮನೆಯನ್ನು ಬರೀ ಹೊಗಳಿದರೆ ಸುಳ್ಳಾಗುತ್ತದೆ. ಅಡುಗೆಮನೆಯ ಹೊಗೆಯಲ್ಲಿ ಕೆಮ್ಮಿದವರು ಹೆಂಗಸರು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು ಹಂಚಿನ ಕಾರ್ಖಾನೆ ಶುರು ಮಾಡಿದರು. ಹಂಚು ನಮ್ಮ ಕಡೆಗೂ ಬಂದ ಮೇಲೆ ನಡುವೆ ಒಂದು ಗಾಜಿನ ಹಂಚು ಕೂರಿಸಿ, ಅಂಗೈಯಗಲದ ಬೆಳಕು ಬಿದ್ದದ್ದೇ ದೊಡ್ಡ ಉಪಕಾರವಾಯಿತು. ಆ ಬೆಳಕಿನ ಚೌಕ ಗೋಡೆಯಿಂದಿಳಿದು ಒರಳುಕಲ್ಲಿಗೆ ಬಂದರೆ ಅಮ್ಮ ಅನ್ನಕ್ಕೆ ಎಸರಿಡುತ್ತಿದ್ದರು. ಗಡಿಯಾರ ಜಗಲಿಯಲ್ಲಿತ್ತು, ಗಂಡಸರ ತಲೆಯ ಮೇಲೆ.

ಜಗಲಿಯೂ ಎಲ್ಲರ ಜಗಲಿಯಾಗಿರಲಿಲ್ಲ. ಕೆಲವರು ಮೇಲೆ ಕೂರುತ್ತಿದ್ದರು, ಕೆಲವರು ಮೆಟ್ಟಿಲಲ್ಲಿ, ಗದ್ದೆ ಮಾಡಿಕೊಟ್ಟ ಎಷ್ಟೋ ಜನ ಅಂಗಳದಲ್ಲೇ ನಿಲ್ಲುತ್ತಿದ್ದರು. ಇನ್ನು ಕೆಲವರು ಹಿತ್ತಲ ಕಡೆಯಿಂದಲೇ ಬರಬೇಕಿತ್ತು. ಮುಟ್ಟಾದ ಹೆಂಗಸು ತನ್ನ ಮನೆಯಲ್ಲೇ ಹೊರಗಿನವಳು. ಯಾರು ಯಾವ ಕಂಬದವರೆಗೆ ಎಂಬುದು ಚಿಕ್ಕ ಮಗುವಿನ ಕಾಲಿಗೂ ಗೊತ್ತಿತ್ತು. ಮನೆಯ ಒಳಗು ಬಂದವರ ಮೈಗೆ ಮರ್ಯಾದೆಯನ್ನೂ ಹೇಳುತ್ತದೆ, ಅವಮಾನವನ್ನೂ ಹೇಳುತ್ತದೆ.

ಅದಕ್ಕೇ ನನಗೆ ಗೇರುಸೊಪ್ಪೆಯ ಚತುರ್ಮುಖ ಬಸದಿ ಮತ್ತೆ ಮತ್ತೆ ಕಾಡುವುದು. ನಮ್ಮ ಹೊನ್ನಾವರ ತಾಲ್ಲೂಕಿನದೇ, ಶರಾವತಿಯ ದಂಡೆಯ ಕಾಡಿನೊಳಗೆ. ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿ ಆಳಿದ ಊರು. ಬಸದಿಗೆ ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, ನಡುವೆ ನಾಲ್ಕೂ ಕಡೆಗೆ ಮುಖ ಮಾಡಿ ಕೂತ ತೀರ್ಥಂಕರರು. ಯಾವ ಕಡೆಯಿಂದ ಬಂದರೂ ಎದುರು ಮುಖವೇ ಸಿಗುತ್ತದೆ. ಹಿಂಬಾಗಿಲು ಎಂಬುದೇ ಇಲ್ಲದ ಕಟ್ಟಡ. ಮನೆಗೆ ನಾಲ್ಕು ಹೆಬ್ಬಾಗಿಲು ಇಡಲಾಗದು, ಸರಿ. ಆದರೆ ಬಂದವರಿಗೆ ಬೆನ್ನು ತೋರಿಸದ ಹಾಗೆ ಕಟ್ಟುವುದು ನಮ್ಮ ಕೈಯಲ್ಲೇ ಇದೆ.

ಈಗ ನಕ್ಷೆಯಲ್ಲಿ ನಿಮ್ಮ ಅತ್ತೆಯವರ ಕೋಣೆ ನೋಡಿ. ಹಿಂದಿನ ಮೂಲೆ, ಬಾತ್‌ರೂಮಿಗೆ ಹತ್ತಿರ, ಅನುಕೂಲವೇ. ಆದರೆ ಕಿಟಕಿ ತೆರೆದರೆ ಪಾಗಾರದ ಚಿರೇಕಲ್ಲು. 1984ರಲ್ಲಿ ರೋಜರ್ ಉಲ್ರಿಚ್ ಎಂಬ ಸಂಶೋಧಕರು ಅಮೆರಿಕದ ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರ ದಾಖಲೆ ತೆಗೆದು ನೋಡಿದರು. ಎಲ್ಲರಿಗೂ ಪಿತ್ತಕೋಶದ ಆಪರೇಷನ್ನೇ. ಕಿಟಕಿಯಲ್ಲಿ ಮರ ಕಾಣುತ್ತಿದ್ದವರು ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋಗಿದ್ದರು, ನೋವಿನ ಗಟ್ಟಿ ಔಷಧಿಯೂ ಅವರಿಗೆ ಕಡಿಮೆ ಸಾಕಾಗಿತ್ತು. ಕೆಲವು ದಿನ ಮಲಗಿದವರಿಗೇ ಇಷ್ಟು ವ್ಯತ್ಯಾಸವಾದರೆ, ವರ್ಷಗಟ್ಟಲೆ ಅದೇ ಮಂಚದಲ್ಲಿರುವವರಿಗೆ? ಅವರಿಗೆ ಅಂಗಳ ಕಾಣಬೇಕು. ಯಾರು ಬಂದರು, ಯಾರು ಹೋದರು, ಹಲಸು ಎಷ್ಟು ಬಿಟ್ಟಿದೆ ಎಂಬುದು ಮಲಗಿದಲ್ಲೇ ತಿಳಿಯಬೇಕು.

ಪಾಯ ತೆಗೆಯುವ ಮೊದಲು ಹೇಗೂ ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುತ್ತಾರೆ. ಅವತ್ತು ಒಂದು ಕುರ್ಚಿ ತಗೊಂಡು ಒಂದೊಂದು ಕೋಣೆಯ ಗೆರೆಯೊಳಗೂ ಕೂತು ನೋಡಿ. ಬೆಳಿಗ್ಗೆ ಒಮ್ಮೆ, ಮೂರು ಗಂಟೆಯ ಬಿಸಿಲಿಗೆ ಒಮ್ಮೆ. ಗಾಳಿ ಎಲ್ಲಿಂದ ಬರುತ್ತದೆ, ಕಣ್ಣಿಗೆ ಏನು ಬೀಳುತ್ತದೆ, ದಣಪೆಯಲ್ಲಿ ನಿಂತವರ ಮುಖ ಕಾಣುತ್ತದೋ ಇಲ್ಲವೋ, ಕಾಗದ ಇದನ್ನೆಲ್ಲ ಹೇಳುವುದಿಲ್ಲ. ಅತ್ತೆಯವರನ್ನೂ ಕೂರಿಸಿ, ಅವರ ಮಾತೂ ಕೇಳಿ.

ನಾಳೆ ಎಂಜಿನಿಯರು ಬಂದಾಗ ಮೂರೇ ಮೂರು ಕೇಳಿ. ಕಾರಿಗೆ ಕೊಟ್ಟ ಜಾಗದ ಪಕ್ಕದಲ್ಲಿ, ಹೆಬ್ಬಾಗಿಲಿನ ಹೊರಗೆ, ಎಂಟಡಿ ಅಗಲದ ಜಗಲಿ. ಅದರಲ್ಲಿ ಒಂದೇ ಎತ್ತರದ ಕಟ್ಟೆ, ಯಾರೇ ಬಂದರೂ ಅದೇ ಕಟ್ಟೆ. ಅತ್ತೆಯವರ ಕೋಣೆಗೆ ಅಂಗಳದ ಕಡೆ ತಗ್ಗಿನಲ್ಲಿ ಕಿಟಕಿ. ಅಡುಗೆಮನೆಗೆ ಪೂರ್ವದ ಬೆಳಕು, ಜೊತೆಗೆ ನಾಲ್ಕು ಜನ ಕೂತು ಮಾತಾಡುವಷ್ಟು ಜಾಗ. ಖರ್ಚು ಹೆಚ್ಚಾಗುತ್ತದೆ ಅಂದರೆ ಹಾಲಿನ ಫಾಲ್ಸ್ ಸೀಲಿಂಗು ಬಿಡಿಸಿ. ಆ ದುಡ್ಡು ಈ ಕೆಲಸಕ್ಕೆ ಬರುತ್ತದೆ.