ನೀವೇ ಬರೆದು ನೀವೇ ಸಹಿ ಹಾಕಿದ ಪ್ರಮಾಣಪತ್ರ: ಬಳಕೆದಾರರ ಕೈಪಿಡಿ

ಅಭಿನಂದನೆಗಳು. ಇಂದಿನಿಂದ ನೀವು ಗುಪ್ತ ಇಮೇಲ್‌ನ ಒಡೆಯರು. ಪೆಟ್ಟಿಗೆಯಲ್ಲಿ ಒಂದು ಖಾಸಗಿ ಕೀಲಿ, ಒಂದು ಸಾರ್ವಜನಿಕ ಕೀಲಿ, ಎಕ್ಸ್.509 ಮಾದರಿಯ ಒಂದು ಪ್ರಮಾಣಪತ್ರ ಇವೆಯೇ ನೋಡಿಕೊಳ್ಳಿ. ಪಡೆದವರ ಅಂಕಣದಲ್ಲೂ ಕೊಟ್ಟವರ ಅಂಕಣದಲ್ಲೂ ನಿಮ್ಮ ಹೆಸರೇ ಇದ್ದರೆ ಗಾಬರಿ ಬೇಡ, ಅದು ಹಾಗೇ ಇರಬೇಕು. ಗೆಜೆಟೆಡ್ ಅಧಿಕಾರಿಯ ಬಾಗಿಲು ಕಾಯುವ ಕೆಲಸ ತಪ್ಪಿತು. ಆದರೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಪರವಾನಗಿ ಪಡೆದ ಸಂಸ್ಥೆಯ ಪತ್ರವನ್ನಷ್ಟೇ ಒಪ್ಪುತ್ತದೆ. ನಿಮ್ಮ ಈ ಸ್ವಂತ ಪ್ರಮಾಣಪತ್ರ ಹಿಡಿದು ಕಂಪನಿ ರಿಟರ್ನ್ ಸಲ್ಲಿಸಲು ಹೋಗಬೇಡಿ.

ದೋಷ: ‘ಪಾಸ್‌ವರ್ಡ್ ತಪ್ಪು.’

ಪಾಸ್‌ವರ್ಡ್ ಸರಿಯಾಗಿಯೇ ಇದೆ. ಪ್ರಮಾಣಪತ್ರ ತಯಾರಿಸುವ, 2021ರಲ್ಲಿ ಬಂದ ತಂತ್ರಾಂಶ ಓಪನ್‌ಎಸ್‌ಎಸ್‌ಎಲ್ 3 ಕೀಲಿ, ಪ್ರಮಾಣಪತ್ರಗಳನ್ನು ಕಟ್ಟಿಟ್ಟ ನಿಮ್ಮ ಪಿ12 ಕಡತಕ್ಕೆ ಎಇಎಸ್-256 ಎಂಬ ಗಟ್ಟಿ ಬೀಗ ಹಾಕಿದೆ. ಹಳೆಯ ಕಂಪ್ಯೂಟರಿಗೆ ಆ ಬೀಗದ ಪರಿಚಯವಿಲ್ಲ. ತನಗೆ ಗೊತ್ತಿಲ್ಲ ಎನ್ನಲು ನಾಚಿ ಅದು ನಿಮ್ಮ ಪಾಸ್‌ವರ್ಡನ್ನು ದೂರುತ್ತದೆ: ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ. ‘ಲೆಗಸಿ’ ಆಯ್ಕೆ ಕೊಟ್ಟು ಕಡತವನ್ನು ಮತ್ತೆ ತಯಾರಿಸಿ. ಭದ್ರತೆಗಾಗಿ ಹೊರಟವರು ಮೊದಲು ಮಾಡಬೇಕಾದ ಕೆಲಸ ಬೀಗವನ್ನು ಸಡಿಲಿಸುವುದು. ಈ ಕೈಪಿಡಿ ಅದಕ್ಕೆ ಕ್ಷಮೆ ಕೇಳುವುದಿಲ್ಲ.

ದೋಷ: ಭಾವನಿಗೆ ಗುಪ್ತ ಪತ್ರ ಹೋಗುತ್ತಿಲ್ಲ.

ನಿಮ್ಮ ಪ್ರಮಾಣಪತ್ರದಿಂದ ಭಾವನಿಗೆ ಬರೆದ ಪತ್ರಕ್ಕೆ ಬೀಗ ಬೀಳದು. ಅದಕ್ಕೆ ಭಾವನ ಸಾರ್ವಜನಿಕ ಕೀಲಿಯೇ ಬೇಕು. ಸಹಿ ಹಾಕಿದ ಒಂದು ಮೇಲ್ ಕಳಿಸಲು ಹೇಳಿ, ಕೀಲಿ ಅದರ ಜೊತೆಗೇ ಬರುತ್ತದೆ. ಆದರೆ ಅವರೂ ನಿಮ್ಮ ಹಾಗೆ ಸ್ವಾವಲಂಬಿ. ಥಂಡರ್‌ಬರ್ಡ್ ಎಂಬ ಮೇಲ್ ತಂತ್ರಾಂಶ ಅವರ ಪ್ರಮಾಣಪತ್ರವನ್ನು ನಂಬುವುದಿಲ್ಲ. ‘ಪ್ರಾಧಿಕಾರಗಳು’ ಪಟ್ಟಿಗೆ ಸೇರಿಸಲು ಹೋದರೆ, ಇವರು ಪ್ರಾಧಿಕಾರವೇ ಅಲ್ಲ ಎಂದು ವಾಪಸ್ಸು ಕಳಿಸುತ್ತದೆ.

ಪರಿಹಾರವಿದೆ: ಭಾವ ಪ್ರಾಧಿಕಾರವಾಗಲಿ. ಮೊದಲು ಮೂಲ ಪ್ರಮಾಣಪತ್ರವೊಂದನ್ನು ಸೃಷ್ಟಿಸಿ, ಅದರಿಂದ ತಮ್ಮ ಇಮೇಲ್ ವಿಳಾಸಕ್ಕೆ ಇನ್ನೊಂದನ್ನು ದಯಪಾಲಿಸಿಕೊಳ್ಳಲಿ. ನೀವು ಆ ಮೂಲವನ್ನು ಪಟ್ಟಿಗೆ ಸೇರಿಸಿ, ‘ಇವರು ಇಮೇಲ್ ಬಳಕೆದಾರರನ್ನು ಗುರುತಿಸಬಹುದು’ ಎಂಬಲ್ಲಿ ಗುರುತು ಹಾಕಿ. ಹಾಕುವ ಮುನ್ನ ಒಂದು ಗುಟುಕು ನೀರು ಕುಡಿಯಿರಿ. ಈ ಕ್ಷಣದಿಂದ ಭಾವ ತಮ್ಮ ಹೆಸರಿಗಷ್ಟೇ ಅಲ್ಲ, ನಿಮ್ಮ ಬ್ಯಾಂಕಿನ ಹೆಸರಿಗೂ ಪ್ರಮಾಣಪತ್ರ ಬರೆಯಬಲ್ಲರು. ನಿಮ್ಮ ಥಂಡರ್‌ಬರ್ಡ್ ಅದಕ್ಕೂ ತಲೆಯಾಡಿಸುತ್ತದೆ. ಮದುವೆಯಲ್ಲಿ ಹುಡುಗನ ಮನೆಯವರನ್ನು ವಿಚಾರಿಸಿದ್ದು ಸಾಲದೆನಿಸಿದರೆ ಇಲ್ಲಿಗೇ ನಿಲ್ಲಿಸಬಹುದು.

ಬಂದ ಮೂಲ ಪ್ರಮಾಣಪತ್ರ ನಿಜವಾಗಿ ಭಾವನದೇ, ನಡುವೆ ಯಾರಾದರೂ ಬದಲಿಸಿದರೇ? ಯಂತ್ರ ಹೇಳದು. ಫೋನ್ ಮಾಡಿ, ಎಸ್‌ಎಚ್‌ಎ-256 ಬೆರಳಚ್ಚನ್ನು ಓದಿಸಿ ತಾಳೆ ನೋಡಿ. 64 ಅಕ್ಷರ-ಅಂಕಿಗಳು. ‘ಬಿ ಅಂದ್ರೆ ಬಳ್ಳಾರಿ, ಡಿ ಅಂದ್ರೆ ದಾವಣಗೆರೆ, ಎಫ್ ಅಂದ್ರೆ ಫ್ರೇಜರ್ ಟೌನ್.’ ಇ ಬಂದಾಗ ಇಬ್ಬರೂ ಸ್ವಲ್ಪ ಹೊತ್ತು ಯೋಚಿಸುತ್ತೀರಿ. ಧ್ವನಿ ಭಾವನದೇ ಎಂದು ನಿಮ್ಮ ಕಿವಿಗೆ ಗೊತ್ತಾಯಿತಲ್ಲ, ಇಡೀ ವ್ಯವಸ್ಥೆ ನಿಂತಿರುವುದು ಅದರ ಮೇಲೆ. ಹೇಳಬೇಕಾದ ಗುಟ್ಟನ್ನು ಅದೇ ಕರೆಯಲ್ಲಿ ಹೇಳಿಬಿಡುವ ಆಸೆಯನ್ನು ಹತ್ತಿಕ್ಕಿಕೊಳ್ಳಿ.

ದೋಷ: ಪತ್ರದ ಬದಲು ‘ಎಸ್‌ಮೈಮ್.ಪಿ7ಎಂ’ ಎಂಬ ಕಡತ ಬಂದಿದೆ.

ಅದೇ ಪತ್ರ. ಬ್ರೌಸರ್‌ನಲ್ಲಿ ಮೇಲ್ ನೋಡುವವರ ಹತ್ತಿರ ಸಾಮಾನ್ಯವಾಗಿ ಕೀಲಿ ಇರುವುದಿಲ್ಲ, ಅದಕ್ಕೇ ಬೀಗ ತೆರೆಯದು.

ದೋಷ: ಗುಟ್ಟು ಬಯಲಾಗಿದೆ.

ವಿಷಯದ ಸಾಲಿನಲ್ಲಿ ‘ಸೈಟು 45 ಲಕ್ಷಕ್ಕೆ ಮಾತಾಯ್ತು, ಯಾರಿಗೂ ಹೇಳಬೇಡಿ’ ಎಂದು ಬರೆದು ಒಳಗೆ ‘ಸರಿ’ ಎಂದಷ್ಟೇ ಬರೆದಿದ್ದೀರಾ? ಎಸ್‌ಮೈಮ್ ಎಂಬ ಈ ಗುಪ್ತ ಇಮೇಲ್ ಪದ್ಧತಿಯಲ್ಲಿ ಬಹುತೇಕ ತಂತ್ರಾಂಶಗಳು ವಿಷಯದ ಸಾಲಿಗೆ ಬೀಗ ಹಾಕುವುದಿಲ್ಲ. ಯಾರು ಯಾರಿಗೆ, ಯಾವಾಗ ಬರೆದರೆಂಬುದೂ ಬಯಲಲ್ಲೇ ಇರುತ್ತದೆ. ‘ಸರಿ’ ಮಾತ್ರ ಭದ್ರ.

ವಾಯಿದೆ: ದಿನಗಳನ್ನು ನಮೂದಿಸದೆ ತಯಾರಿಸಿದ್ದರೆ ಓಪನ್‌ಎಸ್‌ಎಸ್‌ಎಲ್ ಕೊಡುವುದು 30 ದಿನ. ಹೊಸದು ಮಾಡಿಕೊಳ್ಳಿ, ಹಳೆಯ ಖಾಸಗಿ ಕೀಲಿಯನ್ನು ಅಳಿಸಬೇಡಿ. ಅಳಿಸಿದರೆ ಆ ತಿಂಗಳು ಬಂದ ಪತ್ರಗಳನ್ನು ನೀವೂ ಓದಲಾರಿರಿ, ಭಾವನ ಹತ್ತಿರ ಪ್ರತಿ ಕೇಳಬೇಕಾಗುತ್ತದೆ.